ಬಟ್ಟೆ ಸುತ್ತಿದ ಹಾಲಿನ ಸೀಸೆ

ಯುದ್ಧಕಾಲದ, ಇದ್ದಿಲಿನಿಂದ ಓಡುವ ಬಸ್ಸು ಮಧುಗಿರಿಯಿಂದ ಶಿರಾಕ್ಕೆ ಏದುಸಿರುಬಿಡುತ್ತ ಹೊರಟಿತ್ತು. ಪಕ್ಕದಲ್ಲಿ ಕೂತ ಅಜ್ಜಿಯೊಬ್ಬಳು ಮೊಮ್ಮಗುವಿನ ಬಾಯಿಗೆ ಗಾಜಿನ ಸೀಸೆ ಹಿಡಿದಿದ್ದಳು. ಒಳಗಿದ್ದ ಹಾಲು ಎಷ್ಟು ತೆಳುವೆಂದರೆ, ಸೀಸೆಯ ಆಚೆಗಿನ ಅವಳ ಬೆರಳುಗಳು ನನಗೆ ಕಾಣುತ್ತಿದ್ದವು. ಕೂಸಿನ ಕೈಕಾಲು ಕಡ್ಡಿಯಂತಿದ್ದವು.

“ಇಷ್ಟೊಂದು ನೀರು ಯಾಕಜ್ಜಿ? ಮನೇಲಿ ಹಸು ಇಲ್ವೆ?” ಎಂದು ಕೇಳಿದೆ.

“ಹಸ ಐತೆ ಕಣಮ್ಮ. ಮಗಳು ಹೆರಿಗೇಲಿ ಹೋಗ್ಬುಟ್ಳು, ಆಸ್ಪತ್ರೆಯೋರು ಈ ಸೀಸೆ ಕೊಟ್ರು. ಹಿತ್ತಾಳೆ ಒಳಲೇಲಿ ಕುಡಿಸಿದ್ರೆ ಹಾಲು ಯಾರ್ಗೂ ಕಾಣಾಕಿಲ್ಲ. ಇದ್ರಾಗೆ ಬೆಳ್ಳಗೆ ಎದ್ದು ಕಾಣ್ತೈತೆ. ತಾಯಿಲ್ಲದ ಕೂಸಿಗೆ ಕಣ್ಣು ಬಿದ್ರೆ ಹೆಂಗೆ? ಅದ್ಕೇ ನೀರು ಮಾಡಿವ್ನಿ.” ಅವಳು ಮಗುವಿನ ತಲೆ ಸವರಿದಳು. “ಬಲು ಸಾಧು. ಅಳೋದೇ ಇಲ್ಲ.”

ಅಳಲು ಅದಕ್ಕೆ ತ್ರಾಣವಿರಲಿಲ್ಲ. ದೃಷ್ಟಿ ಗಿಷ್ಟಿ ಎಲ್ಲ ಸುಳ್ಳೆಂದು ವಾದಿಸಿದರೆ ಅವಳು ಕೇಳುವಂತೆ ಕಾಣಲಿಲ್ಲ. ನನ್ನ ಕೈಚೀಲದಲ್ಲಿದ್ದ ನೀಲಿ ಚೌಕಳಿಯ ವಸ್ತ್ರವನ್ನು ಸೀಸೆಗೆ ಸುತ್ತಿ ಬಿಗಿದೆ. “ಇನ್ನು ಯಾರಿಗೂ ಕಾಣಲ್ಲ. ಹಾಲು ಹಾಲಾಗಿಯೇ ಇರಲಿ, ಅಜ್ಜಿ” ಎಂದೆ. ಅವಳು ಕಣ್ಣೊರೆಸಿಕೊಂಡು, ದೊಡ್ಡೇರಿಯ ಹತ್ತಿರ ಇಳಿದುಹೋದಳು.

ಅದೇ ಬೇಸಿಗೆಯಲ್ಲಿ, ಸೀಮೆಎಣ್ಣೆ ಸಿಗದೆ ಜನ ಹೊಂಗೆಯೆಣ್ಣೆಗೆ ಮುಗಿಬಿದ್ದಿದ್ದಾಗ, ಮಧುಗಿರಿ ಸಂತೆಯಲ್ಲಿ ಅವಳನ್ನು ಮತ್ತೆ ಕಂಡೆ. ಕಂಕುಳಲ್ಲಿ ಕೂಸಿರಲಿಲ್ಲ. ಎಣ್ಣೆಯವನ ಮುಂದೆ ಅವಳು ಆ ಸೀಸೆಯನ್ನೇ ಚಾಚಿದ್ದಳು.

ಇಂದಿಗೂ ಹಾಲು ಕಾಯಿಸುವಾಗ ಆ ಸೀಸೆಯೇ ಕಣ್ಣಿಗೆ ಕಟ್ಟುತ್ತದೆ. ನಾನು ಹಾಕಿದ ಗಂಟು ಬಿಚ್ಚಿರಲಿಲ್ಲ. ವಸ್ತ್ರ ಎಣ್ಣೆ ಕುಡಿದು ಕಪ್ಪಾಗಿತ್ತು.