ಹಾಡಿನ ಪ್ಲೇಟಿಗೆ ಜಳಕ

ಹೊಸ ಮಷೀನು ಬೇಕೆಂದು ಹಟ ಹಿಡಿದವಳು ನಾನೇ. ಎಪ್ಪತ್ತರ ದಶಕದ ಮಾತು. ಟಿಕೋಟಾದಲ್ಲಿ ನಮ್ಮದು ಮೈಕ್ ಸೆಟ್ಟಿನ ಧಂದೆ. ಮದುವೆ, ಕುಬಸ, ಜಾವಳ ಎಲ್ಲಿದ್ದರೂ ಗಂಡ ಬೇವಿನ ಮರಕ್ಕೆ ಭೋಂಗಾ ಸ್ಪೀಕರು ಕಟ್ಟಿ ಹಾಡಿನ ಪ್ಲೇಟು ಹಚ್ಚುತ್ತಿದ್ದ. ಪ್ಲೇಟು ತಿರುಗಿಸುವ ಹಳೆಯ ಗ್ರಾಮಫೋನ್ ಪೆಟ್ಟಿಗೆಗೆ ಕೈಯಿಂದ ಚಾವಿ ಕೊಡಬೇಕಿತ್ತು. ಚಾವಿ ಇಳಿದರೆ ಹಾಡುವವಳ ದನಿ ಎಮ್ಮೆಯ ದನಿಯಾಗುತ್ತಿತ್ತು. ಜನ ನಗುತ್ತಿದ್ದರು. ನನಗೆ ಸಾಕಾಗಿತ್ತು. ವಿಜಾಪುರದ ಸೊಲ್ಲಾಪುರ ರಸ್ತೆಯ ಅಂಗಡಿಯಲ್ಲಿ ಅದನ್ನು ಕೊಟ್ಟು ಕರೆಂಟಿನದು ತಂದೆವು. ತಿರುಗುವುದೇ ಗೊತ್ತಾಗದಷ್ಟು ಮೆತ್ತಗೆ ತಿರುಗುತ್ತಿತ್ತು! ನನಗಂತೂ ಹಿಡಿಸಲಾರದ ಖುಷಿ.

ಅತ್ತೆಗೆ ಸೇರಲಿಲ್ಲ. "ಇದು ಕೈ ಕೊಟ್ಟರ ನಿನ್ನ ಗಂಡ ಮತ್ತ ಅವರಣ್ಣನ ಕುರಿ ಕಾಯಾಕ ಹೋಗತಾನ. ನೆಪ್ಪಿರಲಿ" ಎಂದಳು. ಮೂರು ವರ್ಷ ಕುರಿ ಕಾದು, ಬೈಗುಳ ತಿಂದು ಹೊರಬಿದ್ದವನು ಅವನು. ಅದಕ್ಕೇ ಆ ಮಾತು ನನಗೆ ನಾಟಿತು.

ಹೊಸ ಮಷೀನಿನ ಮೊದಲ ಕೆಲಸ ಬಬಲೇಶ್ವರದಲ್ಲಿ. ಅತ್ತೆಯ ತಮ್ಮನ ಮಗಳ ಮದುವೆ. ಹೊರಡುವಾಗ ಅತ್ತೆ ಯಾವಾಗಲೂ ಮಾಡುವಂತೆ ಕಾಯಿ ಒಡೆದು, ಪೆಟ್ಟಿಗೆಗೂ ಒಂದೊಂದು ಪ್ಲೇಟಿಗೂ ಹಸಿ ಅರಿಷಿಣ, ಕುಂಕುಮ ಏರಿಸಿದಳು. ಬಸ್ಸು ಹತ್ತಿ ಹೋದೆವು.

ಅರಿಷಿಣ ಹಚ್ಚುವ ಹೊತ್ತಿಗೆ ಗಂಡ ಗಣಪನ ಹಾಡು ಹಚ್ಚಿದ. ಏನು ದನಿ! ಅಂಗಳವೆಲ್ಲ ತುಂಬಿತು. ಅಷ್ಟರಲ್ಲಿ ಸಿಕ್ಕಿಕೊಂಡಿತು.

"ಬಂದಾನ... ಬಂದಾನ... ಬಂದಾನ..."

"ಯಾಂವ ಬಂದಾನಲೇ? ಕಾಲಿಗೆ ನೀರ ಕೊಡ್ರೋ ಅವಗ!" ಎಂದು ಹಂದರದಿಂದ ಒಬ್ಬ ಕೂಗಿದ. ಹೆಂಗಸರು ಅರಿಷಿಣದ ಕೈಯಲ್ಲೇ ಬಾಯಿ ಮುಚ್ಚಿ ನಕ್ಕರು.

ಗಂಡ ಸೂಜಿಯ ತೋಳಿನ ಮೇಲೆ ದುಡ್ಡಿಟ್ಟು ಭಾರ ಮಾಡಿದ. ಆಗಲಿಲ್ಲ. ಮೇಜು ಓರೆ ಎಂದು ಕಾಲ ಕೆಳಗೆ ಗೋಣಿ ತುರುಕಿದ. ಆಗಲಿಲ್ಲ. ಬೇರೆ ಪ್ಲೇಟು ಹಾಕಿದ. ಅದೂ ಸ್ವಲ್ಪ ಹಾಡಿ ಕುಂಟಿತು. ಅತ್ತೆಯ ತಮ್ಮ ಹೆಗಲಿಗೆ ಚೀಲ ಹಾಕಿಕೊಂಡು ಬಂದ.

"ಅಳಿಯಾ, ವಿಜಾಪುರದ ಬಸ್ ಬರೂ ಹೊತ್ತಾತು. ಅದು ಬರೂದರಾಗ ಹಾಡಿದರ ಛಲೋ, ಇಲ್ಲಂದರ ನಾ ಹೋಗಿ ಬ್ಯಾರೆ ಸೆಟ್ ತರತೇನಿ. ನಿಂದ ಗಂಟ ಕಟ್ಟು."

ನೆಂಟರೆಲ್ಲ ಸೇರಿದ ಮದುವೆಯಲ್ಲಿ ಗಂಟು ಕಟ್ಟಿದರೆ ಮುಂದೆ ಯಾರೂ ಕರೆಯುವುದಿಲ್ಲ. ಕುರಿಯೇ ಗತಿ. ಗಂಡ ಬೆವೆತು ಮಷೀನಿನ ಸ್ಕ್ರೂ ಬಿಚ್ಚಲು ಹೋದ.

"ಬಿಚ್ಚಬ್ಯಾಡ್ರಿ! ಮೊದಲ ಸೂಜಿ ನೋಡ್ರಿ" ಎಂದೆ.

ಸೂಜಿಯ ತುದಿಯನ್ನು ಬೆರಳಿಂದ ಮುಟ್ಟಿದೆ. ಬೆರಳಿಗೆ ಕೆಂಪು ಹತ್ತಿತು. ಒರೆಸಿ ಹಚ್ಚಿದೆವು. ಹಾಡಿತು, ಮತ್ತೆ ನಿಂತಿತು. ಮತ್ತೆ ನೋಡಿದರೆ ಮತ್ತೆ ಕೆಂಪು! ಪ್ಲೇಟನ್ನು ಬಿಸಿಲಿಗೆ ಓರೆ ಹಿಡಿದೆ. ಅತ್ತೆಯ ಬೆರಳು ಬಿದ್ದಲ್ಲೆಲ್ಲ ಪ್ಲೇಟಿನ ಗೆರೆಗಳಲ್ಲಿ ಅರಿಷಿಣ, ಕುಂಕುಮ ಮೆತ್ತಿ ಒಣಗಿತ್ತು. ಸೂಜಿ ಅದನ್ನೇ ಹೊತ್ತುಕೊಂಡು ಎಡವುತ್ತಿತ್ತು. ಸಿಕ್ಕಿತು! ಹಳೆಯ ಪೆಟ್ಟಿಗೆಯ ಸೂಜಿ ದಪ್ಪ ಕಬ್ಬಿಣದ್ದು. ಹೊಲಕ್ಕೆ ಕುಂಟಿ ಹೊಡೆದಂತೆ ಎಲ್ಲವನ್ನೂ ಕೆದರಿ ಹೋಗುತ್ತಿತ್ತು, ಸವೆದರೆ ಬಿಸಾಡುತ್ತಿದ್ದೆವು. ಇದು ಕೂದಲಿನಂಥ ಸೂಜಿ. ಅರಿಷಿಣ ಇದಕ್ಕೆ ಗುಡ್ಡ.

"ಕುಂಕುಮ ಒರಸಬೇಕ್ರಿ" ಎಂದೆ.

ಅತ್ತೆ ಪ್ಲೇಟುಗಳ ಪೆಟ್ಟಿಗೆಯ ಮೇಲೆ ಕೈ ಒತ್ತಿ ಕುಳಿತೇಬಿಟ್ಟಳು. "ಮದವಿ ಮನ್ಯಾಗ ಕುಂಕುಮ ಒರಸತಾಳಂತ! ಬಾಯಾಗ ಹುಳ ಬೀಳಲಿ ನಿನಗ. ಮದಲಗಿತ್ತಿ ಅಲ್ಲೇ ಕುಂತಾಳ, ಕಣ್ಣ ಕಾಣಂಗಿಲ್ಲೇನ?"

ಗಂಡ ತಾಯಿಯ ಮುಖ ನೋಡಿದ, ನನ್ನ ಮುಖ ನೋಡಿದ, ಬಗ್ಗಿ ವಾಯರು ಸುತ್ತತೊಡಗಿದ. ಅವನ ಸ್ವಭಾವವೇ ಅಷ್ಟು. ನನಗೆ ಸಿಟ್ಟು ನೆತ್ತಿಗೇರಿತು.

"ಅತ್ತೀ, ದೇವರ ಜಗಲಿ ಮ್ಯಾಲಿನ ಗಣಪಗ ದಿನಾ ಜಳಕ ಮಾಡಸ್ತೀರಿ. ಆವಾಗ ನಿನ್ನಿ ಕುಂಕುಮ ಎಲ್ಲಿ ಹೋಗತೈತ್ರಿ?"

"ಅದು ಜಳಕ."

"ಹಂಗಾರ ಇದೂ ಜಳಕನ. ಇವನೂ ಗಣಪನ ಅಲ್ಲೇನ್ರಿ, ಒಳಗ ಬರಲಾರದ ಬಾಗಲದಾಗ ನಿಂತಾನ."

ಅತ್ತೆ ಪೆಟ್ಟಿಗೆಯ ಮೇಲಿನ ಕೈ ತೆಗೆದಳು. "ತಣ್ಣೀರಾಗ ಮಾಡಸು. ಮೈ ತಿಕ್ಕಬ್ಯಾಡ" ಎಂದಳು. ಪ್ಲೇಟಿಗೋ ಗಣಪನಿಗೋ, ನಾನು ಕೇಳಲಿಲ್ಲ.

ಪರಾತದಲ್ಲಿ ಅಂಟವಾಳದ ನೀರು ಕಲಸಿದೆ. ನಡುವಿನ ಹೆಸರಿನ ಕಾಗದ ತೋಯದಂತೆ ಅಂಗೈ ಮುಚ್ಚಿ, ಹಳೆಯ ಮೆತ್ತನೆಯ ಅರಿವೆಯಿಂದ ಗೆರೆ ಹಿಡಿದು ಸುತ್ತ ಒರೆಸಿದೆ. ನೀರು ಕೆಂಪಾಯಿತು. ಒಳ್ಳೆ ನೀರಿನ ಅರಿವೆಯಿಂದ ಮತ್ತೊಮ್ಮೆ ಒರೆಸಿ ನೆರಳಲ್ಲಿ ಬೀಸಿ ಒಣಗಿಸಿದೆವು. ಆ ಹೊತ್ತಿಗೆ ರಸ್ತೆಯಲ್ಲಿ ಬಸ್ಸಿನ ಹಾರ್ನು! ಅತ್ತೆಯ ತಮ್ಮ ಚಪ್ಪಲಿ ಮೆಟ್ಟಿದ.

"ನಿಂದ್ರ ಮಾವಾ!" ಎಂದು ಗಂಡ ಸೂಜಿ ಇಳಿಸಿದ.

ಹಾಡು ಶುರುವಾಯಿತು. "ಬಂದಾನ" ಎಂದಿತು. ನಾನು ಗಂಡನ ಅಂಗಿ ಹಿಡಿದು ಜಗ್ಗಿದೆ. ಸೂಜಿ ನಿಲ್ಲಲಿಲ್ಲ, ದಾಟಿತು, ಹಾಡು ಮುಂದೆ ಓಡಿತು! ಹಂದರವೆಲ್ಲ "ಹೋ" ಎಂದು ಎದ್ದಿತು.

"ಅಂತೂ ಒಳಗ ಬಂದ ನೋಡ ಗಣಪ!" ಎಂದು ಅದೇ ಮನುಷ್ಯ ಕೂಗಿದ. ಅತ್ತೆಯ ತಮ್ಮ ಚಪ್ಪಲಿ ಬಿಟ್ಟು, ಚೀಲವನ್ನು ಗೂಟಕ್ಕೆ ಹಾಕಿದ. ಬಸ್ಸು ಅವನಿಲ್ಲದೆ ಹೋಯಿತು.

ಅತ್ತೆ ಕುಂಕುಮದ ಭರಣಿ ಹಿಡಿದು ಮಷೀನಿನ ಕಡೆಗೆ ಬರುವುದನ್ನು ಕಂಡೆ. ನಾನು ಅಡ್ಡ ನಿಂತು ಪ್ಲೇಟುಗಳ ಪೆಟ್ಟಿಗೆಯ ಮುಚ್ಚಳ ಮುಂದೆ ಹಿಡಿದೆ.

"ಇಲ್ಲಿ ಹಚ್ಚರಿ. ಬೇಕಾದಷ್ಟ ಹಚ್ಚರಿ."

ಹಚ್ಚಿದಳು. ಮುಚ್ಚಳ ಪೂರ್ತಿ ಕೆಂಪಾಗುವ ತನಕ ಹಚ್ಚಿದಳು.