ಮೂರು ಸಲ ಹರಸಿದ ರೈಲು

ನಮ್ಮೂರ ಲಘು ರೈಲಿನ ಪ್ರತಿ ಶಂಕುಸ್ಥಾಪನೆಯ ಫೋಟೋದಲ್ಲೂ ಕಸೂತಿ ನಿಲುವಂಗಿ ತೊಟ್ಟು ಮೇಯರ್ ಪಕ್ಕದಲ್ಲಿ ನಿಂತಿರುತ್ತಿದ್ದ ಕೆಂಜೆತಾಯ್ ಅಜ್ಜನನ್ನು, ಯೋಜನೆಗೆ ಸಾಲ ಕೊಟ್ಟ ಬ್ಯಾಂಕಿನ ಯಜಮಾನರೆಂದೇ ನಾನು ಬಹುಕಾಲ ತಿಳಿದಿದ್ದೆ. ಅವರು ನಿವೃತ್ತ ಬಸ್ ಚಾಲಕರು. ನಮ್ಮ ಕಜಕ್ ಜನ ಹಿರಿಯರೊಬ್ಬರು ಅಂಗೈ ಎತ್ತಿ ಹರಸದೆ ಕುರಿಯನ್ನೂ ಕೊಯ್ಯುವುದಿಲ್ಲ. ಮೇಯರ್ ಕಚೇರಿಗೆ ಹತ್ತಿರದಲ್ಲೇ ಸಿಕ್ಕ ಬಿಳಿಗಡ್ಡ ಇವರದಾಗಿತ್ತು.

ಅಜ್ಜನಿಗೂ ಒಂದು ಸ್ವಾರ್ಥವಿತ್ತು. ರೈಲಿನ ಕಂಬ ನಿಲ್ಲಿಸಲು ಅವರ ಮನೆ ಮುಂದಿನ ಬಸ್ ನಿಲ್ದಾಣವನ್ನು ಕಿತ್ತು ಹಾಕಿದ್ದರು. ಹೊಳೆಯಾಚೆ ಹಾಸಿಗೆ ಹಿಡಿದಿದ್ದ ಅಕ್ಕನನ್ನು ನೋಡಲು ಅವರು ಐದು ಕಿಲೋಮೀಟರ್ ಹಿಮದಲ್ಲಿ ನಡೆಯಬೇಕಿತ್ತು. ಹರಸಿದ ಮೇಲೆ ಪ್ರತಿ ಮೇಯರನ್ನೂ ಕೇಳುತ್ತಿದ್ದರು: “ಮಗಾ, ನಮ್ಮ ಬಸ್ ಸ್ಟಾಪು?”

“ರೈಲೇ ಬರ್ತಿರೋವಾಗ ಬಸ್ಸು ಯಾಕಜ್ಜಾ?”

ಮೊದಲನೆಯ ಮೇಯರ್ ಸಾಲ ತಂದರು. ಎರಡನೆಯವರು ಅಜ್ಜನಿಂದ ಹರಸಿಸಿ ಕೆಲಸವನ್ನು ಮತ್ತೆ ಶುರುಮಾಡಿ, ಆ ಸಾಲ ಎಲ್ಲಿಗೆ ಹೋಯಿತೆಂದು ತನಿಖೆ ಮಾಡಿಸಿದರು; ಬ್ಯಾಂಕು ಉಳಿದ ಕಂತನ್ನು ತಡೆಹಿಡಿಯಿತು. ಮೂರನೆಯವರು ಕಂಬಗಳಿಗೆ ಬಣ್ಣ ಬಳಿಸಿ, ಯೋಜನೆಗೆ ಹೊಸ ಹೆಸರಿಟ್ಟು, ಮತ್ತೆ ಅಜ್ಜನನ್ನೇ ಕರೆಸಿದರು. ಬಸ್ಸಿನ ಮಾತಿಗೆ ಅದೇ ಉತ್ತರ ಕೊಟ್ಟು ಕಾರು ಹತ್ತಿದರು.

ಟೀವಿ ಹುಡುಗಿ ಮೈಕು ಹಿಡಿದು ಓಡಿಬಂದಳು. “ಅಜ್ಜಾ, ಮೂರು ಸಲ ಹರಸಿದ್ರಿ, ರೈಲು ಬರ್ಲೇ ಇಲ್ಲ. ನಿಮ್ಮ ಆಶೀರ್ವಾದದಲ್ಲೇ ಏನಾದ್ರೂ ಐಬಿದೆಯಾ?”

ಅಜ್ಜ ಟೊಪ್ಪಿಯನ್ನು ಕಿವಿಯವರೆಗೆ ಎಳೆದುಕೊಂಡರು. “ಕೆಲಸ ಶುರುವಾಗ್ಲಿ ಅಂತ ಹರಸಿ ಅಂದ್ರು. ಮೂರು ಸಲವೂ ಶುರುವಾಯ್ತಲ್ಲಮ್ಮ! ಮುಗೀಲಿ ಅಂತ ಯಾವನೂ ಕೇಳ್ಲಿಲ್ಲ. ದಾರಿ ಬಿಡು, ಅಕ್ಕನ ಮನೆಗೆ ನಡೀಬೇಕು.”