ಚಕ್ರವರ್ತಿಯ ಅಜ್ಜಿಯರು

ನನಗೊಂದು ಕೆಟ್ಟ ಚಟವಿದೆ. ಯಾರು ಏನೇ ಹೇಳಲಿ, ‘ಆಧಾರ ಏನು?’ ಎನ್ನುವುದು. ಚರ್ಚಾಸ್ಪರ್ಧೆಗಳಲ್ಲಿ ಇದಕ್ಕೆ ಷೀಲ್ಡು ಕೊಡುತ್ತಾರೆ. ಮನೆಯಲ್ಲಿ ಊಟ ತಡವಾಗಿ ಕೊಡುತ್ತಾರೆ.

ಹಗರಿಬೊಮ್ಮನಹಳ್ಳಿಯಲ್ಲಿ ಬಿ.ಎ. ಓದುತ್ತಿದ್ದಾಗ ಈ ಚಟಕ್ಕೊಬ್ಬ ಗುರು ಸಿಕ್ಕ: ಯುರೋಪಿನ ಚಕ್ರವರ್ತಿ ಎರಡನೇ ಫ್ರೆಡ್ರಿಕ್. ಸತ್ತು ಏಳೂವರೆ ಶತಮಾನವಾಗಿದ್ದರೂ ಪ್ರಶ್ನೆ ಕೇಳುವುದರಲ್ಲಿ ನನ್ನ ಬ್ಯಾಚಿನವನೇ. ಗಿಡುಗಗಳ ಬಗ್ಗೆ ಪುಸ್ತಕ ಬರೆಯುವಾಗ ಹಳೆಯ ಪಂಡಿತರ ಮಾತನ್ನೂ ಕಣ್ಣಾರೆ ನೋಡದೆ ನಂಬಿದವನಲ್ಲ. ಪೋಪರು ಅವನನ್ನು ಮತ್ತೆ ಮತ್ತೆ ಧರ್ಮದಿಂದ ಹೊರಗೆ ಹಾಕಿದರು. ಆದರೂ ಅಜ್ಜಿ ನನ್ನನ್ನು ಅಡುಗೆಮನೆಯಿಂದ ಹೊರಹಾಕಿದಷ್ಟು ಸಲವಲ್ಲ.

ಆ ವರ್ಷ ತಂಬ್ರಹಳ್ಳಿಯ ನಮ್ಮ ಮನೆಗೆ ಹೆಳವ ಬಂದ. ಮನೆಮನೆಯ ವಂಶಾವಳಿ ಬರೆದಿಟ್ಟುಕೊಂಡು, ಕೆಲವು ವರ್ಷಕ್ಕೊಮ್ಮೆ ಬಂದು ಓದಿಹೇಳಿ, ಕಾಳುಕಡಿ ಪಡೆದು ಹೋಗುವ ಮುದುಕ. ಕಟ್ಟೆಯ ಮೇಲೆ ಕೂತು ಏಳು ತಲೆಮಾರು ಓದಿದ. ಹತ್ತನೇ ಇಯತ್ತೆಗೆ ಎರಡು ಸಲ ದಂಡಯಾತ್ರೆ ಹೋಗಿ ಸೋತುಬಂದ ನನ್ನ ತಮ್ಮನ ಹೆಸರನ್ನೂ ಸೇರಿಸಿ, ಪುಸ್ತಕ ಮುಚ್ಚಿದ.

“ನನ್ ಹೆಸರು ಎಲ್ಲೈತ್ರಿ ಅಜ್ಜಾರ?”

“ಹೆಣ್ಮಕ್ಕಳನ್ನ ಬರಿಯಂಗಿಲ್ಲವ್ವಾ. ವಂಶ ಗಂಡಿನ ಕಡಿಂದ ಬರ್ತೈತಿ.”

“ಆಧಾರ ಏನ್ರಿ?”

“ಲೇ, ಬಾಯಿ ಮುಚ್ಚಲೇ!” ಒಳಗಿನಿಂದ ಅಜ್ಜಿ.

ಮುಚ್ಚಲಿಲ್ಲ. ಹೆಸರು ಬರೆಸದೆ ಮುದುಕನನ್ನು ಏಳಲು ಬಿಡುವುದಿಲ್ಲವೆಂದು ನಿಶ್ಚಯಿಸಿ ಚಕ್ರವರ್ತಿಯನ್ನು ಹೊರಬಿಟ್ಟೆ. ಫ್ರೆಡ್ರಿಕನ ಅಪ್ಪನ ಅಪ್ಪ ಕೆಂಗಡ್ಡದ ಮಹಾ ಚಕ್ರವರ್ತಿಯೇ ಇರಬಹುದು, ಆದರೆ ಸಿಸಿಲಿಯ ಸಿಂಹಾಸನ ಬಂದದ್ದು ತಾಯಿಯ ಕಡೆಯಿಂದ. ನಲವತ್ತರಲ್ಲಿ ಹೆರುವಾಗ, ಕೂಸು ತನ್ನದಲ್ಲವೆಂದು ಯಾರೂ ಅನುಮಾನಪಡಬಾರದೆಂದು ಆಕೆ ನಡುಪೇಟೆಯಲ್ಲಿ ಡೇರೆ ಹಾಕಿಸಿ, ಊರ ಹೆಂಗಸರ ಎದುರಿಗೇ ಹೆತ್ತಳಂತೆ. (ಈ ಡೇರೆಗೆ ಗಟ್ಟಿ ಆಧಾರವಿಲ್ಲ. ನನಗೆ ಅನುಕೂಲವಾಗಿದ್ದರಿಂದ ಸುಮ್ಮನಿದ್ದೆ.) ಗಂಡ ಸತ್ತ ಮೇಲೆ ಮೂರು ವರ್ಷದ ಮಗನಿಗೆ ಕಿರೀಟ ತೊಡಿಸಿದವಳೂ ಅವಳೇ. ಕೊನೆಗೆ ಅವನ ಗಂಡುಸಂತತಿ ಯುದ್ಧದಲ್ಲಿ, ಸೆರೆಯಲ್ಲಿ, ಕೊಡಲಿಯ ಕೆಳಗೆ ಮುಗಿದುಹೋಯಿತು. ರಕ್ತ ಉಳಿದದ್ದು ಪರದೇಶದ ಸೊಸೆಯಾಗಿ ಹೋದ ಮೊಮ್ಮಗಳಿಂದ.

ಹೆಳವ ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡ. “ಆ ರಾಜನ ಅಜ್ಜಿದೇರ ಹೆಸರು ಗೊತ್ತೇನು?”

“ಇಬ್ಬರ್ದೂ ಬಿಯಾಟ್ರಿಸ್ ರೀ!”

“ಭೇಷ್. ನಿಮ್ಮಜ್ಜಿಯ ಅವ್ವನ ಹೆಸರು?”

ಷೀಲ್ಡುಗಳೆಲ್ಲ ಕಪಾಟಿನಲ್ಲಿ ತಲೆತಗ್ಗಿಸಿದವು. ಅಜ್ಜಿಯನ್ನೇ ಊರವರು ‘ಅರಸೀಕೆರಿಯಾಕಿ’ ಎಂದು ಕರೆಯುತ್ತಿದ್ದರು. ಅವಳ ತಾಯಿಗೆ ಹೆಸರಿತ್ತೆಂಬುದೇ ನನಗೆ ಹೊಳೆದಿರಲಿಲ್ಲ.

ಹಿಟ್ಟಿನ ಕೈಯಲ್ಲೇ ಅಜ್ಜಿ ಹೊಸ್ತಿಲಿಗೆ ಬಂದಳು. “ಬರಕೋರಿ. ನಮ್ಮವ್ವ ಹಾಲಮ್ಮ. ಆಕಿ ಮಗಳು ನಾನು, ಕೊಟ್ರಮ್ಮ. ನನ್ ಮೊಮ್ಮಗಳು ಈ ಬಾಯಾಳಿ, ಸುಮ.”

ಮುದುಕ ನನ್ನ ಕಡೆ ನೋಡಿ ನಕ್ಕ. “ಇದಕ್ಕ ಆಧಾರ ಏನವ್ವಾ ತಂಗಿ?”

ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಅಂದಳು: “ನಾನ ಆಧಾರ! ನಮ್ಮವ್ವ ನನ್ನ ಹಡಿಯಾಕ ಡೇರೆ ಹಾಕ್ಸಿದ್ದಿಲ್ಲ. ಸುಮ್ನ ಬರಕೋರಿ.”

ಹೆಳವ ಪುಸ್ತಕ ತೆರೆದು ಬರೆದುಕೊಂಡ. ಹಾಲಮ್ಮ, ಕೊಟ್ರಮ್ಮ, ಕಡೆಗೆ ನಾನು. ನಾನು ಏನೂ ಕೇಳಲಿಲ್ಲ. ಅವತ್ತು ಊಟ ಹೊತ್ತಿಗೆ ಸರಿಯಾಗಿ ಸಿಕ್ಕಿತು.